ಸಂಜೆ ಅನ್ನಿ, ಶಂಜೆ ಅಲ್ಲ!

"ಫೋನ್ ಒಳಗೆ ತರಬಾರದು ಅಂತ ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೆ. ಓದಕ್ಕೆ ಬರಲ್ವಾ ನಿಮಗೆ?"

ಅವಳ ಫೋನ್ ಕೂಗಿದ್ದೇ ತಡ, ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆಯಿಂದ ಬಂದ ಆ ಮಾತು ಹೆಡ್‌ಫೋನಿನಲ್ಲಿ ನೇರವಾಗಿ ಅವಳ ಕಿವಿಗೇ ಬಡಿಯಿತು. ಓದಕ್ಕೆ ಬರಲ್ವಾ ಅಂತೆ! ಕಾದಂಬರಿಗಳನ್ನು ಮೈಕಿನ ಮುಂದೆ ಓದುವುದೇ ಹೊಟ್ಟೆಪಾಡಾದವಳನ್ನು ಮೊದಲ ದಿನವೇ ಕೇಳುವ ಪ್ರಶ್ನೆಯೇ ಇದು?

"ಕೂಗ್ತಿರೋದು ಫೋನಲ್ಲ ಸ್ವಾಮಿ, ನಾನು!" ಎಂದು ಅವಳು ಅಂಗಿಯ ತೋಳು ಮೇಲೆತ್ತಿದಳು. ಅಲ್ಲಿ ದೊಡ್ಡ ಗುಂಡಿಯಂಥ ಬಿಳಿ ಸೆನ್ಸರ್ ಅಂಟಿಕೊಂಡಿತ್ತು. "ಶುಗರ್ ಇಳಿದ್ರೆ ಇದು ಫೋನಿಗೆ ಹೇಳುತ್ತೆ, ಫೋನು ಊರಿಗೆಲ್ಲ ಹೇಳುತ್ತೆ. ಸಾಕಾ? ಇನ್ನೇನಾದ್ರೂ ತೋರಿಸ್ಬೇಕಾ?"

ಆಚೆ ಕೂತಿದ್ದ ರೆಕಾರ್ಡಿಸ್ಟ್ ಕಣ್ಣು ಪಿಳಿಪಿಳಿ ಬಿಟ್ಟ.

"ಅಯ್ಯೋ, ತಪ್ಪಾಯ್ತು... ಏನಾದ್ರೂ ತಿಂದು ಬನ್ನಿ. ಆಮೇಲೆ ಆ ಸಾಲು ಮತ್ತೊಂದ್ಸಲ."

ತಪ್ಪೊಪ್ಪಿಕೊಳ್ಳುವಾಗಲೂ ಮತ್ತೊಂದ್ಸಲ! ಅಂದಿನಿಂದ ಅವಳ ಮನಸ್ಸಿನಲ್ಲಿ ಅವನ ಹೆಸರೇ 'ಮತ್ತೊಂದ್ಸಲ' ಎಂದಾಯಿತು.

ತಿಂದು ಬಂದವಳು ಷರತ್ತು ಹಾಕಿದಳು. "ಫೋನ್ ನಿಮ್ಮ ಮೇಜಿನ ಮೇಲೇ ಇರ್ಲಿ, ಆದ್ರೆ ಬೋರಲು. ಅಲಾರಂ ಹೊಡೆದ್ರೆ ಗಾಜು ತಟ್ಟಿ. ನಂಬರ್ ನೋಡ್ಬಾರ್ದು. ಈ ಸ್ಟುಡಿಯೋ ನಡೆಸೋ ಮೇಡಮ್ಮಿಗಂತೂ ಹೇಳಲೇಬಾರ್ದು."

"ಆಯ್ತು" ಎಂದ. ಯಾಕೆ ಎಂದು ಕೇಳಲಿಲ್ಲ.

ಯಾಕೆಂದರೆ, ಹಿಂದಿನ ಸ್ಟುಡಿಯೋದಲ್ಲಿ ಹೀಗೇ ಒಂದು ದಿನ ಅಲಾರಂ ಹೊಡೆದಿತ್ತು. ಎಲ್ಲರೂ ಅಯ್ಯೋ ಪಾಪ ಅಂದರು. "ಆರೋಗ್ಯ ನೋಡ್ಕೊಳ್ಳಮ್ಮ, ಕೆಲಸ ಎಲ್ಲಿಗೆ ಹೋಗುತ್ತೆ" ಅಂದರು. ಕೆಲಸ ನೆಟ್ಟಗೆ ಇನ್ನೊಬ್ಬಳ ಹತ್ತಿರ ಹೋಯಿತು! ಈ ಕಾದಂಬರಿ ಅವಳಿಗೆ ಸಿಕ್ಕ ಮೊದಲ ದೊಡ್ಡ ಪುಸ್ತಕ. ಇದೂ ಕೈತಪ್ಪಿದರೆ ಮತ್ತೆ ಯಾರು ಕರೆಯುತ್ತಾರೆ?

ಇನ್ನು ಮನೆಯ ಕಥೆ ಕೇಳಬೇಡಿ. ಶಾಲೆಗೆ ಹೋಗುವ ವಯಸ್ಸಿನಿಂದಲೂ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಅವಳ ಶುಗರ್ ಈಗ ಅಕ್ಕನ ಫೋನಿನಲ್ಲೂ ಕಾಣುತ್ತದೆ. ಸಂಬಂಧದಲ್ಲಿ ಅಕ್ಕ, ಕೆಲಸದಲ್ಲಿ ಕಾವಲುಗಾರ್ತಿ.

"ಏನೇ ಗಿಣಿ, ಇನ್ನೂರು ದಾಟಿದ್ಯಲ್ಲೇ! ಏನ್ ತಿಂದೆ?"

"ಅಕ್ಕಾ, ಬಸ್ ತಪ್ಪಿಹೋಯ್ತು. ರಸ್ತೇಲಿ ನಿಂತು ಅಳ್ತಾ ಇದೀನಿ..."

"ಅದಿರ್ಲಿ, ನಂಬರ್ ಪಕ್ಕದ ಬಾಣ ಮೇಲಕ್ಕೇ ಇದೆ, ಇನ್ನೂ ಏರ್ತಿದ್ಯಲ್ಲೇ!"

ಅದಿರ್ಲಿ! ಅತ್ತರೂ ಅದಿರ್ಲಿ, ನಕ್ಕರೂ ಅದಿರ್ಲಿ. ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ಹೇಗಿದ್ದೀಯ ಎಂದು ಕೇಳುವವರು ಒಬ್ಬರಾದರೂ ಬೇಡವೇ? ತೋಳಿನ ಆ ಗುಂಡಿಯನ್ನು ಕಿತ್ತೆಸೆಯೋಣ ಎನ್ನುವಷ್ಟು ರೋಸಿಹೋಗುತ್ತಿತ್ತು. ಅದು ಎಷ್ಟೋ ಸಲ ಜೀವ ಉಳಿಸಿದೆ ಎಂಬುದೂ ಗೊತ್ತು. ಅದಕ್ಕೇ ಕೋಪ ಇನ್ನೂ ಜಾಸ್ತಿ.

ಸ್ಟುಡಿಯೋಗೆ ಬಂದರೆ ಈ ಮತ್ತೊಂದ್ಸಲ.

"ಸಂಜೆ ಅನ್ನಿ, ಶಂಜೆ ಅಲ್ಲ."

"ನಾನು ಸಂಜೆ ಅಂತಲೇ ಅಂದೆ!"

"ಸರಿ, ಒಂದು ಬ್ರೇಕ್ ತಗೊಳ್ಳಿ. ಏನಾದ್ರೂ ತಿನ್ನಿ. ಆಮೇಲೆ ಮತ್ತೊಂದ್ಸಲ."

ಅವಳು ಹಲ್ಲು ಕಡಿಯುತ್ತ ಹೊರಗೆ ಬಂದು ನೋಡಿದರೆ ಶುಗರ್ ಇನ್ನೂ ಸರಿಯಾಗಿಯೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿಯತೊಡಗುತ್ತಿತ್ತು. ವಾರದಲ್ಲಿ ಮೂರ್ನಾಲ್ಕು ಸಲ ಹೀಗಾದ ಮೇಲೆ ಅವಳಿಗೆ ಖಾತ್ರಿಯಾಯಿತು. ಇವನು ಕದ್ದು ನೋಡುತ್ತಿದ್ದಾನೆ! ಬಾಣ ಕೆಳಗೆ ತಿರುಗಿದ ಕೂಡಲೇ ಉಚ್ಚಾರಣೆಯ ನೆಪ ಹೇಳಿ ಹೊರಗೆ ಕಳಿಸುತ್ತಿದ್ದಾನೆ.

ಸಿಟ್ಟು ನೆತ್ತಿಗೇರಿತು. ಯಾಕೆಂದರೆ... ಅವಳೇ ಒಪ್ಪಿಕೊಳ್ಳದ ಇನ್ನೊಂದು ಸಂಗತಿಯೂ ಇತ್ತು. ಅವನು ನಕ್ಕರೆ ಹೆಡ್‌ಫೋನಿನಲ್ಲಿ ಆ ನಗು ಪಕ್ಕದಲ್ಲೇ ಕೂತು ನಕ್ಕಂತೆ ಕೇಳುತ್ತಿತ್ತು. ಅದನ್ನು ಕೇಳಲೆಂದೇ ಅವಳು ಬೇಕೆಂದು ಸಾಲು ತಪ್ಪಿಸಿದ್ದೂ ಉಂಟು!

'ಇವನೂ ಅಕ್ಕನ ಜಾತಿಯವನೇ. ಇವನಿಗೂ ನಾನು ಒಂದು ನಂಬರ್ ಅಷ್ಟೇ...'

ಕೊನೆಯ ಅಧ್ಯಾಯದ ದಿನ ಗ್ರಹಚಾರ ನೆಟ್ಟಗಿರಲಿಲ್ಲ. ಬಸ್ಸಿನಿಂದ ಇಳಿಯುವಾಗ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡು ಸೆನ್ಸರ್ ಕಿತ್ತುಬಂತು. ಹೊಸದು ಮನೆಯಲ್ಲಿ. ಒಳಗೆ ನೋಡಿದರೆ ಮೇಡಂ ಆಗಲೇ ಬಂದು ರೆಕಾರ್ಡಿಸ್ಟಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಾರೆ! ಅವಳು ಫೋನನ್ನು ಬ್ಯಾಗಿನೊಳಗೇ ಬಿಟ್ಟು ಮೈಕಿನ ಮುಂದೆ ನಿಂತಳು.

ಓದು ಚೆನ್ನಾಗಿಯೇ ಸಾಗಿತು. ಕಥೆಯ ನಾಯಕಿ ಅಳುವ ಕಡೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದೇ ಪುಟ...

"ನಿಲ್ಲಿಸಿ" ಎಂದ ಅವನು. "ಬ್ರೇಕ್."

"ಇಲ್ಲ, ಮುಗಿಸ್ತೀನಿ."

"ಬೇಡ. ಹೊರಗೆ ಬನ್ನಿ. ಈಗಲೇ."

ಅವಳು ಬಾಗಿಲು ತಳ್ಳಿಕೊಂಡು ಬಂದಳು. ಮೈಯೆಲ್ಲ ನಡುಗುತ್ತಿತ್ತು, ಕೋಪಕ್ಕೇ ಎಂದುಕೊಂಡಳು.

"ಮಾಡಿಬಿಟ್ರಲ್ಲ! ಮೇಡಂ ಎದುರಿಗೇ ಮಾನ ಕಳೆದ್ರಲ್ಲ! ನನ್ನ ನಂಬರ್ ನೋಡ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ? ನನಗೆ ಶುಗರ್ ಇದೆ ಮೇಡಂ, ಚಿಕ್ಕಂದಿನಿಂದ ಇದೆ. ತಗೊಳ್ಳಿ, ಈ ಪುಸ್ತಕಾನೂ ಇನ್ನೊಬ್ಬಳಿಗೆ ಕೊಡಿ. ಸಮಾಧಾನ ಆಯ್ತೇನ್ರೀ ನಿಮಗೆ?"

ಅವನು ಖಾಲಿ ಮೇಜು ತೋರಿಸಿದ. "ನಿಮ್ಮ ಫೋನ್ ಇವತ್ತು ನನ್ನ ಹತ್ರ ಇಲ್ವಲ್ರೀ."

ಅವಳ ಕೈ ತಾನಾಗಿ ತೋಳಿಗೆ ಹೋಯಿತು. ಸೆನ್ಸರ್ ಇರಲಿಲ್ಲ. ಇಂದು ನೋಡಲು ನಂಬರೇ ಇರಲಿಲ್ಲ!

"ಮತ್ತೆ... ಹೇಗೆ?"

"ಮೊದಲು ಕೂತ್ಕೊಳ್ಳಿ" ಎಂದು ಅವನು ಕುರ್ಚಿ ಎಳೆದ. ಡ್ರಾಯರಿನಿಂದ ಒಂದು ಪುಟ್ಟ ಬಟ್ಟೆಚೀಲ ತೆಗೆದು ಅವಳ ಕೈಗಿಟ್ಟ. ಒಳಗೆ ಗ್ಲೂಕೋಸ್ ಮಾತ್ರೆಗಳಿದ್ದವು, ಒಂದಕ್ಕೂ ಹೊದಿಕೆ ಇರಲಿಲ್ಲ.

"ಪ್ಲಾಸ್ಟಿಕ್ ಸದ್ದು ಮೈಕಿಗೆ ಸಿಗುತ್ತೆ, ಅದಕ್ಕೆ ಬಿಡಿಸಿಟ್ಟೆ" ಎಂದು ತೊದಲಿದ. ಅವಳು ಬಾಯಿಗೆ ಹಾಕಿಕೊಂಡು, ಬ್ಯಾಗಿನಲ್ಲಿದ್ದ ಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದಳು. ಅರವತ್ತಕ್ಕಿಂತ ಕೆಳಗಿತ್ತು. ಎಪ್ಪತ್ತಕ್ಕಿಳಿದರೇ ಅಪಾಯ!

ಮೇಡಂ ಹತ್ತಿರ ಬಂದು ಅವಳ ಹಣೆಯ ಬೆವರು ಒರೆಸಿದರು. "ಹುಚ್ಚು ಹುಡುಗಿ! ಪುಸ್ತಕ ಯಾಕೆ ಇನ್ನೊಬ್ಬರಿಗೆ ಕೊಡ್ಲಿ? ನನ್ನ ಅಳಿಸಿದ ಗಂಟಲು ನಿಂದು. ಮೊದಲೇ ಹೇಳಿದ್ರೆ ಒಳಗೊಂದು ಕುರ್ಚಿ ಹಾಕಿಸ್ತಿದ್ದೆ. ಸುಧಾರಿಸ್ಕೊಂಡು ಮುಗಿಸು" ಎಂದು ಗದರಿ ಹೊರಟರು.

ಇಷ್ಟೇನಾ? ಇಷ್ಟಕ್ಕೇ ಇಷ್ಟು ದಿನ ಹೆದರಿ ಸತ್ತೆನಾ? ಅವಳಿಗೆ ಅಳುವೇ ಬಂದುಬಿಟ್ಟಿತು.

"ಹೇಳಿ" ಎಂದಳು ಮೂಗೊರೆಸಿಕೊಳ್ಳುತ್ತ. "ಹೇಗೆ ಗೊತ್ತಾಯ್ತು?"

"ಶುಗರ್ ಇಳಿಯೋಕೆ ಶುರುವಾದ್ರೆ ನಿಮ್ಮ 'ಸ' ಜಾರಿ 'ಶ' ಆಗುತ್ತೆ. ಇಡೀ ದಿನ ನಿಮ್ಮ ದನಿ ಕೇಳ್ತಾ ಕೂರೋನಿಗೆ ಗೊತ್ತಾಗಲ್ವಾ? ನಿಮ್ಮ ಮಿಷಿನ್ನು ನನಗಿಂತ ನಿಧಾನ."

"ಅಂದ್ರೆ ಆ ಶಂಜೆ... ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಎಲ್ಲರೂ ನಿಮ್ಮನ್ನ ಅಳೀತಾರೆ ಅಂತ ಬ್ರೇಕಲ್ಲಿ ಅಕ್ಕನ ಹತ್ರ ಫೋನಲ್ಲಿ ಗೋಳಾಡ್ತಿದ್ರಿ. ಹೇಳಿದ್ರೆ ಪ್ರತಿ ಸಕಾರಕ್ಕೂ ಹೆದರ್ತಿದ್ರಿ. ನಾನೂ ಇನ್ನೊಂದು ಮಿಷಿನ್ ಯಾಕಾಗ್ಲಿ ಅಂತ ಸುಮ್ಮನಿದ್ದೆ." ಅವನು ತಲೆ ತಗ್ಗಿಸಿದ. "ಈಗ ಹೇಗಿದ್ದೀರಿ?"

ಎಷ್ಟಿದೆ ಅಲ್ಲ... ಹೇಗಿದ್ದೀರಿ! ಇಷ್ಟು ವರ್ಷ ಕಾದ ಪ್ರಶ್ನೆ ಕೊನೆಗೂ ಬಂದಿತ್ತು.

"ಚೆನ್ನಾಗಿದೀನಿ. ಆದ್ರೆ ನಾಳೆಯಿಂದ ರೆಕಾರ್ಡಿಂಗ್ ಇಲ್ವಲ್ಲ. ನನ್ನ ಸಕಾರ ಯಾರು ಕೇಳ್ತಾರೆ?"

ಅವನ ಕಿವಿ ಕೆಂಪಾಯಿತು. ಮೇಜಿನ ಮೇಲಿದ್ದ ಹೆಡ್‌ಫೋನನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ.

"ನಾನು ಕೇಳ್ಬಹುದಾ? ದಿನಾ? ನಂಗೆ... ನೀವಂದ್ರೆ ನಂಗೆ ತುಂಬಾ... ಇಸ್ಟ."

ಅವಳು ಕಣ್ಣೀರಿನಲ್ಲೇ ಕಿಸಕ್ಕನೆ ನಕ್ಕಳು.

"ಇಷ್ಟ ಅನ್ನಿ, ಇಸ್ಟ ಅಲ್ಲ!" ಅವನ ಕೈಯಿಂದ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ಹಿಡಿದುಕೊಂಡಳು. "ಎಲ್ಲಿ... ಮತ್ತೊಂದ್ಸಲ?"