ಹನ್ನೊಂದರ ಇಳಿತ

ಫರ್ಗಸ್ ನನ್ನ ಮೇಜಿನ ಹತ್ತಿರ ಬಂದರೆ ನಾನು ಕೀಬೋರ್ಡನ್ನೇ ನೋಡುತ್ತಿದ್ದೆ. ಅವನು ಎಲ್ಲರೊಡನೆಯೂ ಮೆತ್ತಗೆ ಮಾತಾಡುವವನು. ನನ್ನೊಡನೆ ಬೇರೆ ಏನಾದರೂ ಇದೆಯೇ ಎಂದು ತಿಳಿಯುವ ಕುತೂಹಲ. ಕೇಳುವ ಧೈರ್ಯವಿಲ್ಲ.

"ಟೆಗನ್, ನಿನ್ನ ಉದಾಹರಣೆ ಕೆಂಪಾಗಿದೆ."

"ನನ್ನದಾ?"

"ನಿನ್ನದೇ. ಬಂದು ನೋಡು, ಕಚ್ಚಲ್ಲ." ಅವನ ಎಡಗೆನ್ನೆ ಮಾತ್ರ ನಕ್ಕಿತು.

ಕಡಲ ದಂಡೆಯ ನಮ್ಮ ಡನಾಲಿ ಊರಿನಲ್ಲಿ ಸಿಂಪಿ ಸಾಕುವವರಿಗೆ ನಮ್ಮ ಆಫೀಸು ಒಂದು ಪ್ರೋಗ್ರಾಂ ಮಾಡುತ್ತದೆ. ಸಮುದ್ರ ಇಳಿದು ಸಿಂಪಿಯ ಬುಟ್ಟಿಗಳು ಯಾವಾಗ ಕೈಗೆ ಸಿಗುತ್ತವೆಂದು ಅದು ಹೇಳಬೇಕು. ಕೋಡ್ ಬರೆಯುವವನು ಫರ್ಗಸ್. ಬೇಗನೆ ಶಾಲೆ ಬಿಟ್ಟು ಬುಟ್ಟಿ ತೊಳೆಯುತ್ತಿದ್ದ ನನ್ನನ್ನು ಕೈಪಿಡಿ ಬರೆಯಲು ಕರೆದವಳು ಆಫೀಸಿನ ಒಡತಿ ಬ್ರಾನ್ವಿನ್. 'ಹೀಗೆ ಕೇಳಿದರೆ ಹೀಗೆ ಉತ್ತರ ಬರುತ್ತದೆ' ಎಂಬ ಉದಾಹರಣೆಗಳನ್ನು ನಾನು ಬರೆಯುತ್ತೇನೆ. ಕೋಡ್ ಬದಲಾದಾಗಲೆಲ್ಲ ಕಂಪ್ಯೂಟರೇ ಕೈಪಿಡಿ ತೆರೆದು ಆ ಉದಾಹರಣೆಗಳನ್ನು ಓಡಿಸಿ ನೋಡುವಂತೆ ಫರ್ಗಸ್ ಮಾಡಿದ್ದ. ಬರೆದ ಉತ್ತರವೇ ಬಂದರೆ ಹಸಿರು. ಇಲ್ಲದಿದ್ದರೆ ಕೆಂಪು, ಹೊಸ ಪ್ರೋಗ್ರಾಂ ಹೊರಗೆ ಹೋಗುವುದಿಲ್ಲ.

ಆ ದಿನದ ಇಳಿತ ಬೆಳಿಗ್ಗೆ ಹತ್ತಕ್ಕೆ ಎಂದು ನಾನು ಬರೆದಿದ್ದೆ. ಪ್ರೋಗ್ರಾಂ ಹನ್ನೊಂದು ಅನ್ನುತ್ತಿತ್ತು.

"ಅದು ಏನ್ ಹೇಳುತ್ತೋ ಅದನ್ನೇ ಕಾಪಿ ಮಾಡಿ ಹಾಕಮ್ಮ, ಹಸಿರಾಗುತ್ತೆ," ಎಂದಳು ಬ್ರಾನ್ವಿನ್. "ಜನ ಕಾಯ್ತಿದ್ದಾರೆ."

"ಹಾಗೆ ಮಾಡಿದ್ರೆ ಉತ್ತರ ಹೇಳ್ಕೊಟ್ಟು ಪರೀಕ್ಷೆ ಮಾಡಿದ ಹಾಗಲ್ವಾ?" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಫರ್ಗಸ್ ಕೋಟು ಎತ್ತಿಕೊಂಡ. "ಹತ್ತಾಗ್ತಾ ಬಂತು. ನೀರನ್ನೇ ಕೇಳೋಣ, ಬಾ."

ದೋಣಿಕಟ್ಟೆಯ ತುದಿಯಲ್ಲಿ ಗಾಳಿ ಜೋರಾಗಿತ್ತು. ಹತ್ತಾದರೂ ಬುಟ್ಟಿಗಳ ಮೇಲೆ ನೀರಿತ್ತು, ನಿಧಾನವಾಗಿ ಇಳಿಯುತ್ತಲೇ ಇತ್ತು. ಆಗ ಹೊಳೆಯಿತು. ಉದಾಹರಣೆ ಬರೆಯುವಾಗ ನಾನು ನೋಡಿದ್ದು ಅಚ್ಚಾದ ಇಳಿತದ ಪಟ್ಟಿ. ಬೇಸಿಗೆಯಲ್ಲಿ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಆ ಪಟ್ಟಿಗೆ ಗೊತ್ತಿಲ್ಲ. ಪ್ರೋಗ್ರಾಂ ಸರಿ, ನಾನೇ ತಪ್ಪು.

ಹೇಳಿಬಿಟ್ಟರೆ ವಾಪಸು ಹೋಗಬೇಕು. ಬಾಯಿ ಮುಚ್ಚಿಕೊಂಡೆ.

ಅವನು ಕೋಟಿನ ಜೇಬಿನಿಂದ ಚಿಪ್ಪುಮೀನು ತುಂಬಿ ಬೇಯಿಸಿದ ಸ್ಕಾಲಪ್ ಪೈ ತೆಗೆದು ಮುರಿದು ದೊಡ್ಡ ಭಾಗವನ್ನು ನನಗೆ ಕೊಟ್ಟ. ಅವನ ರೆಪ್ಪೆಯ ಮೇಲೆ ಉಪ್ಪುನೀರಿನ ಹನಿಯೊಂದು ಕೂತಿತ್ತು.

"ನೀನು ನನ್ನ ಕಡೆ ನೋಡೋದೇ ಇಲ್ವಲ್ಲ," ಎಂದ.

"ನೋಡ್ತೀನಿ. ನೀನು ಆ ಕಡೆ ತಿರುಗಿದಾಗ."

"ಓಹೋ! ತಗೋ, ನೋಡು." ನಿಜವಾಗಿಯೂ ಬೆನ್ನು ತಿರುಗಿಸಿ ನಿಂತ.

ನಕ್ಕೆ. ಆದರೆ ನಾನು ಬರೆದ ಹತ್ತನ್ನು ನಂಬಿ ಪಾಪ ಈ ಚಳಿಗಾಳಿಯಲ್ಲಿ ನಿಂತಿದ್ದಾನಲ್ಲ ಎನ್ನಿಸಿತು. ಆ ಬೆನ್ನಿಗೇ ಹೇಳಿದೆ, "ಫರ್ಗಸ್, ತಪ್ಪು ನಂದೇ. ಬೇಸಿಗೆ ಗಂಟೆ ಸೇರಿಸಿರಲಿಲ್ಲ. ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು, ಹೇಳಲಿಲ್ಲ."

ಅವನು ತಿರುಗಲಿಲ್ಲ. "ನನಗೆ ಆಫೀಸಲ್ಲೇ ಗೊತ್ತಾಗಿತ್ತು."

"ಮತ್ತೆ ಕರ್ಕೊಂಡು ಬಂದಿದ್ದು ಯಾಕೆ?"

"ನೀನು ಹೇಳದೇ ಇದ್ದಿದ್ದು ಯಾಕೆ?"

ಅವನ ತೋಳು ಹಿಡಿದು ನನ್ನ ಕಡೆ ತಿರುಗಿಸಿದೆ. ಕಿವಿಗಳು ಕೆಂಪಾಗಿದ್ದವು. ಅದು ಗಾಳಿಗಲ್ಲ.

"ನಿನ್ನ ಜೊತೆ ಇರ್ಬೇಕು ಅನ್ನಿಸ್ತು," ಎಂದೆ. ಕಣ್ಣು ತಗ್ಗಿಸಲಿಲ್ಲ.

"ನನಗೆ ಎಷ್ಟೋ ದಿನದಿಂದ ಅನ್ನಿಸ್ತಿದೆ ಮಾರಾಯ್ತಿ. ಕೇಳೋಕೆ ಹೆದರಿಕೆ."

"ಆದ್ರೆ ಇನ್ಮೇಲೆ ನಾನು ತಪ್ಪಿದ್ರೆ ಆಗಲೇ ಹೇಳ್ಬೇಕು."

"ಹೇಳ್ತೀನಿ." ಅವನ ತಣ್ಣನೆಯ ಬೆರಳುಗಳು ನನ್ನ ಬೆರಳುಗಳ ನಡುವೆ ಬಂದವು.

ನನ್ನ ಫೋನು ಬಡಿದುಕೊಂಡಿತು. ಬ್ರಾನ್ವಿನ್. "ಏನಾಯ್ತಮ್ಮ? ಯಾವುದು ಸರಿ?"

"ಹನ್ನೊಂದೇ ಸರಿ, ಬ್ರಾನ್. ನಾನೇ ತಪ್ಪು ಬರೆದಿದ್ದೆ. ಬಂದು ತಿದ್ದುತ್ತೀನಿ."

"ಈಗಲೇ ಬರ್ತೀಯಾ?"

ನಾನು ಅವನ ಕೈ ಬಿಡಲಿಲ್ಲ.

"ಇಲ್ಲ. ನೀರು ಪೂರ್ತಿ ಇಳಿದ ಮೇಲೆ."