ಧನಕವಡಿಯ ಸ್ತೋತ್ರ ಕಾಣಿಕೆ

"ಒಂದ್ ನಿಮಿಷ... ನಿಲ್ಲಸ್ರಿ!"

ಆರಾಧನೆಯ ನಡುವೆ, ಅದೂ ತುಂಬಿದ ಸಭೆಯ ಎದುರಿಗೆ, ನವೋಮಿ ಹಾಗೆ ಕೂಗಬಾರದಿತ್ತು. ಆದರೆ ಕೂಗಿಬಿಟ್ಟಿದ್ದಳು!

ಪುಣೆಯ ಶಿವಾಜಿನಗರದ ಹಳೆಯ ಕನ್ನಡ ಚರ್ಚು. ಏಪ್ರಿಲ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳೂವರೆ. ಹನ್ನೆರಡು ವರ್ಷಗಳಿಂದ ಅವಳು ಅಲ್ಲಿ ಕೀಬೋರ್ಡು ನುಡಿಸುತ್ತಿದ್ದಳು. ಇವತ್ತೂ ತನ್ನ ಪಾಡಿಗೆ ನಿಧಾನದ ಹಳೆಯ ಧಾಟಿಯಲ್ಲಿ ಹಾಡನ್ನು ಎತ್ತಿಕೊಂಡಿದ್ದಳು. ಎದುರು ಬದಿಯಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ಧನಕವಡಿ ಸಭೆಯ ಗಂಡಸು ಅದೇ ಹಾಡನ್ನು ಭಜನೆಯ ಓಟದಲ್ಲಿ ಎತ್ತಿಬಿಟ್ಟ. ಅರ್ಧ ಸಭೆ ಅವಳ ಹಿಂದೆ ಹೋಯಿತು, ಅರ್ಧ ಸಭೆ ಅವನ ಹಿಂದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಎತ್ತು ಯಾರು, ಕೋಣ ಯಾರು ಎಂದು ಮಾತ್ರ ಕೇಳಬೇಡಿ, ಎರಡೂ ಸಭೆಯವರು ಇವತ್ತಿಗೂ ಒಪ್ಪುವುದಿಲ್ಲ.

ಅವನು ಹಾರ್ಮೋನಿಯಂನಿಂದ ಕೈ ತೆಗೆದ. ಅವಳತ್ತ ನೋಡಿ, ಮೆಲ್ಲಗೆ ನಕ್ಕ.

"ನಿಮ್ಮದು ಮುಗೀಲ್ರಿ. ಆಮ್ಯಾಲ ನಾವು ಹಾಡ್ತೀವಿ. ದೇವರಿಗೇನೂ ಅವಸರ ಇಲ್ಲ."

ಸಭೆಯೆಲ್ಲ ಕಿಸಕ್ಕನೆ ನಕ್ಕಿತು. ನವೋಮಿಯ ಕಿವಿಗಳು ಕೆಂಪಾದವು.

'ಏನು ಸೊಕ್ಕು ಇವನಿಗೆ! ನಮ್ಮ ಚರ್ಚಿಗೆ ಬಂದು ನನಗೇ...'

ಆದರೂ ಆ ನಗುವಿನಲ್ಲಿ ಸೊಕ್ಕು ಕಾಣಲಿಲ್ಲವಲ್ಲ ಎಂದು ಅವಳ ಮನಸ್ಸೇ ಅವಳಿಗೆ ಎದುರಾಡಿತು.

ಬೇಸಿಗೆ ಬಂತೆಂದರೆ ಪುಣೆಯ ಕನ್ನಡ ಕ್ರೈಸ್ತರು ಗದಗ, ಧಾರವಾಡ, ಬೀದರ ಎಂದು ಊರ ಹಾದಿ ಹಿಡಿಯುತ್ತಾರೆ. ಉಳಿಯುವವರು ಬೆಂಚಿಗೆ ಒಬ್ಬಿಬ್ಬರು. ಹಾಗಾಗಿ ಈ ವರ್ಷ ಶಿವಾಜಿನಗರದ ಸಭೆ ಮತ್ತು ಧನಕವಡಿಯ ಸಭೆ ಒಟ್ಟಿಗೆ ಆರಾಧನೆ ಮಾಡಲಿ ಎಂದು ಹಿರಿಯರು ಗೊತ್ತುಮಾಡಿದ್ದರು. ಏಪ್ರಿಲ್‌ನಲ್ಲಿ ನಾಲ್ಕು ಭಾನುವಾರ ಶಿವಾಜಿನಗರದಲ್ಲಿ, ಮೇ ತಿಂಗಳಲ್ಲಿ ನಾಲ್ಕು ಭಾನುವಾರ ಧನಕವಡಿಯಲ್ಲಿ. ಜೂನ್ ಬಂದರೆ ಅವರವರ ಚರ್ಚು ಅವರವರಿಗೆ.

ಆರಾಧನೆ ಮುಗಿದ ಮೇಲೆ ಅವನೇ ಎರಡು ಕಪ್ ಚಹಾ ಹಿಡಿದು ಬಂದ.

"ಸಿಟ್ಟಾಗೀರೇನ್ರಿ?"

"ಸಿಟ್ಟ್ಯಾಕ? ನೀವು ಹಾಡಿದ್ದು ತಪ್ಪು. ತಪ್ಪಿದವರನ್ನ ತಿದ್ದಬೇಕು, ಸಿಟ್ಟಾಗಬಾರದು."

"ನಮ್ಮಜ್ಜ ಬೀದರದಾಗ ಹಿಂಗ ಹಾಡ್ತಿದ್ರು."

"ನಮ್ಮಜ್ಜ ಗದಗದಾಗ ಹಂಗ ಹಾಡ್ತಿದ್ರು!"

"ಹಂಗಾರ ಇಬ್ರೂ ಈಗ ಸ್ವರ್ಗದಾಗ ಜಗಳಾಡ್ಲಿಕ್ಕತ್ತಿರಬೇಕು ಬಿಡ್ರಿ!"

ನಗಬಾರದು ಎಂದುಕೊಂಡಿದ್ದ ನವೋಮಿ ನಕ್ಕೇಬಿಟ್ಟಳು. ಚಹಾ ಸೀರೆಯ ಮೇಲೆ ಚೆಲ್ಲಿತು.

ಅವನ ಹೆಸರು ಪ್ರಭುದಾಸ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ವಯಸ್ಸು ಮೂವತ್ತೆರಡು, ಧನಕವಡಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ಮನೆಯಲ್ಲಿ ತಾಯಿ ಸುವಾರ್ತವ್ವ ಮತ್ತು ಅವನು, ಇಬ್ಬರೇ.

ನವೋಮಿಗೆ ಇಪ್ಪತ್ತೊಂಬತ್ತು. ಶಿವಾಜಿನಗರದ ಕೋರ್ಟಿನ ಬಳಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಕೋಥರೂಡದ ಮನೆಯಲ್ಲಿ ಅವಳೂ ಅಪ್ಪ ಸಮುವೇಲಪ್ಪನೂ. ಅಪ್ಪ ಸಭೆಯ ಹಿರಿಯರಲ್ಲೊಬ್ಬರು. ತಾಯಿ ತೀರಿಕೊಂಡ ಮೇಲೆ ಬಂದ ಸಂಬಂಧಗಳನ್ನೆಲ್ಲ ನವೋಮಿ "ಬ್ಯಾಡ್ರಿ ಅಪ್ಪಾ" ಎಂಬ ಒಂದೇ ಮಾತಿನಲ್ಲಿ ವಾಪಸು ಕಳಿಸಿದ್ದಳು. ಯಾರನ್ನು ನೋಡಿದರೂ ಮನಸ್ಸು ಕದಲಿರಲಿಲ್ಲ, ಅಷ್ಟೇ.

ಸಭಾಪಾಲಕರು ಒಂದು ತೀರ್ಪು ಕೊಟ್ಟರು. ಒಂದು ಚರಣ ಇವರ ಧಾಟಿ, ಒಂದು ಚರಣ ಅವರ ಧಾಟಿ. ಅದಕ್ಕೆ ತಾಲೀಮು ಬೇಕಲ್ಲ? ಶನಿವಾರ ಸಂಜೆ ಐದಕ್ಕೆ ಇಬ್ಬರೂ ಚರ್ಚಿಗೆ ಬರತೊಡಗಿದರು. ಅರ್ಧ ಗಂಟೆಯ ತಾಲೀಮು ಒಂದು ಗಂಟೆಯಾಯಿತು, ಒಂದು ಗಂಟೆ ಎರಡಾಯಿತು. ಹಾಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಹಾಡು ಮಾತ್ರ ಪ್ರತಿ ವಾರವೂ ಎರಡನೇ ಚರಣದಲ್ಲಿ ಕುಂಟುತ್ತಲೇ ಇತ್ತು. ಅದನ್ನು ಸರಿಮಾಡುವ ಅವಸರ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.

ಒಮ್ಮೆ ಅವನು ಹಾರ್ಮೋನಿಯಂ ಮುಚ್ಚುತ್ತ ಕೇಳಿದ.

"ನವೋಮಿಯವ್ರ, ಜೂನ್ ಬಂದಮ್ಯಾಲ ಶನಿವಾರ ಏನು ಮಾಡ್ತೀರಿ?"

"ಮೊದಲು ಏನು ಮಾಡ್ತಿದ್ನೋ ಅದ. ಅರಿವಿ ಒಗೀತೀನಿ."

"ನಾ ಏನು ಮಾಡ್ಲಿ ಅಂತ ವಿಚಾರ ಮಾಡ್ಲಿಕ್ಕತ್ತೀನಿ..."

ಅಷ್ಟು ಹೇಳಿ ಪೆಟ್ಟಿಗೆಯ ಕೊಂಡಿ ಹಾಕಿದ. ಆ ದಿನ ಬಸ್ಸಿನಲ್ಲಿ ಡೆಕ್ಕನ್ ಸ್ಟಾಪ್ ದಾಟಿದ್ದೂ ತಿಳಿಯಲಿಲ್ಲ, ಕೋಥರೂಡ ಬಂದದ್ದೂ ತಿಳಿಯಲಿಲ್ಲ, ಒಂದು ಸ್ಟಾಪ್ ಮುಂದೆ ಹೋಗಿ ಇಳಿದಳು. ಹಿಂದಕ್ಕೆ ನಡೆದು ಬರುವಾಗ ಅವಳಿಗೆ ಖಾತ್ರಿಯಾಗಿತ್ತು. ತನಗೆ ಪ್ರಭುದಾಸ ಬೇಕು!

ಮೇ ತಿಂಗಳು ಬಂತು. ಧನಕವಡಿಯ ಸಭೆಗೆ ಸ್ವಂತ ಚರ್ಚಿಲ್ಲ. ಅಂಗಡಿಗಳ ಮೇಲಿನ ಮೊದಲ ಮಹಡಿಯಲ್ಲಿ ಒಂದು ಬಾಡಿಗೆ ಹಾಲ್. ಕೂರಲು ಸಾಲದೆಂದು ಶಿವಾಜಿನಗರದಿಂದ ಹನ್ನೆರಡು ಬೆಂಚುಗಳನ್ನು ಟೆಂಪೋದಲ್ಲಿ ತಂದು ಹಾಕಿದ್ದರು.

ಎರಡನೇ ಭಾನುವಾರ ಸಭೆಯ ಹಿರಿಯರೊಬ್ಬರು ಸ್ತೋತ್ರ ಕಾಣಿಕೆಯ ಲಕೋಟೆಗಳನ್ನು ಓದಲು ನಿಂತರು. ದೇವರಿಗೆ ಯಾವ ಉಪಕಾರಕ್ಕಾಗಿ ಕಾಣಿಕೆ ಕೊಟ್ಟಿದ್ದೇವೆಂದು ಲಕೋಟೆಯ ಮೇಲೆ ಬರೆಯುವುದು, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವುದು ಎರಡೂ ಕಡೆ ಇರುವ ಪದ್ಧತಿ.

"ಮಲಕಪ್ಪ ಮಾಸ್ತರ ಕುಟುಂಬ. ಮೊಣಕಾಲ ನೋವು ವಾಸಿ ಆಗಿದ್ದಕ್ಕ."

ಮುಂದಿನ ಬೆಂಚಿನಿಂದ ಮಲಕಪ್ಪ ಮಾಸ್ತರು ಎದ್ದು, ಕುಂಟುತ್ತ ಹೋಗಿ ಆಶೀರ್ವಾದ ಪಡೆದು, ಕುಂಟುತ್ತಲೇ ವಾಪಸು ಬಂದರು. ನವೋಮಿಗೆ ನಗು ತಡೆಯಲಾಗಲಿಲ್ಲ. ಈ ಚೋದ್ಯ ನೋಡಿದನೇ ಎಂದು ಪ್ರಭುದಾಸನ ಕಡೆ ತಿರುಗಿದಳು. ಅವನು ಕುಡಿಯುವ ನೀರಿನ ಕ್ಯಾನ್ ತರಲು ಕೆಳಗೆ ಹೋಗಿದ್ದ.

"ಸುವಾರ್ತವ್ವ. ಮಗ ಪ್ರಭುದಾಸಗ ಕನ್ಯಾ ಗೊತ್ತಾಗಿದ್ದಕ್ಕ."

ನಗು ಅಲ್ಲೇ ನಿಂತಿತು.

'ಕನ್ಯಾ... ಗೊತ್ತಾಗಿದೆಯೇ?'

ಸುವಾರ್ತವ್ವ ಮುಖ ತುಂಬ ಕಳೆ ಹೊತ್ತು ಮುಂದೆ ಹೋದರು, ತಲೆ ಬಾಗಿಸಿದರು. ಸಭೆಯವರು "ಆಮೆನ್" ಎಂದರು. ನವೋಮಿಯ ಬಾಯಿಯೂ "ಆಮೆನ್" ಎಂದಿತು. ಅವತ್ತಿನ ಕೊನೆಯ ಹಾಡನ್ನು ಹೇಗೆ ನುಡಿಸಿದಳೋ ಅವಳಿಗೇ ಗೊತ್ತಿಲ್ಲ.

ಮೆಟ್ಟಿಲ ಹತ್ತಿರ ಅವನು ಎದುರಾದ. ಯಾವತ್ತಿನಂತೆ ನಗುತ್ತಿದ್ದ.

"ಶನಿವಾರ ಐದಕ್ಕ ಬರ್ತೀರಲ್ರಿ?"

"ಇಲ್ಲ. ತಾಲೀಮು ಸಾಕು ಇನ್ನ." ಅವಳು ಅವನ ಮುಖ ನೋಡಲಿಲ್ಲ. "ದೇವರು ನಿಮಗ ಒಳ್ಳೇದು ಮಾಡ್ಲಿ."

"ಏನಾತ್ರಿ? ನವೋಮಿಯವ್ರ..."

ಅವಳು ಇಳಿದು ಹೋಗಿದ್ದಳು. ಬಸ್ಸು ಕೋಥರೂಡ ಮುಟ್ಟುವವರೆಗೂ ಕಿಟಕಿಯ ಆಚೆಯೇ ನೋಡುತ್ತ ಕೂತಳು. ಪಕ್ಕದಲ್ಲಿದ್ದ ಅಪ್ಪನಿಗೆ ಕಣ್ಣೀರು ಕಾಣಬಾರದಿತ್ತು. 'ಅವನೇನು ಮಾತು ಕೊಟ್ಟಿದ್ದನೇ? ಇಲ್ಲ. ನಾನೇ ಹುಚ್ಚಿ. ಚಹಾ ಕೊಟ್ಟವನಿಗೆ ಮನಸ್ಸು ಕೊಟ್ಟು ಕೂತೆ!'

ಆ ವಾರವೇ ಹುಬ್ಬಳ್ಳಿಯ ಒಂದು ಸಂಬಂಧ ಬಂತು. ಅಪ್ಪ ಎಂದಿನಂತೆ ಅಳುಕುತ್ತಲೇ ಕೇಳಿದರು.

"ಬ್ಯಾಂಕಿನಾಗ ಇದ್ದಾನಂತವ್ವಾ. ನಾಲ್ಕನೇ ಭಾನುವಾರ ಸಂಜಿಗೆ ನೋಡ್ಲಿಕ್ಕೆ ಬರ್ತೀವಿ ಅಂತಾರ..."

"ಬರ್ಲಿ ಅಪ್ಪಾ."

ಸಮುವೇಲಪ್ಪ ಕನ್ನಡಕ ತೆಗೆದು ಮಗಳನ್ನು ನೋಡಿದರು. ಇಷ್ಟು ಸಲೀಸಾಗಿ ಒಪ್ಪಿದ್ದು ಅವರಿಗೆ ಖುಷಿಗಿಂತ ಹೆಚ್ಚಾಗಿ ದಿಗಿಲು ಹುಟ್ಟಿಸಿತು.

ಮೂರನೇ ಭಾನುವಾರ ಪ್ರಭುದಾಸ ಎರಡು ಸಲ ಮಾತಾಡಿಸಲು ಬಂದ. ಎರಡು ಸಲವೂ ನವೋಮಿ ಯಾವುದೋ ಅಜ್ಜಿಯ ಕೈ ಹಿಡಿದು ಮೆಟ್ಟಿಲಿಳಿಸುವ ನೆಪ ಹೂಡಿ ತಪ್ಪಿಸಿಕೊಂಡಳು.

ನಾಲ್ಕನೇ ಭಾನುವಾರ, ಕೂಡಿ ಮಾಡುವ ಕೊನೆಯ ಆರಾಧನೆ. ಅದು ಮುಗಿದ ಮೇಲೆ ಎರಡೂ ಸಭೆಗಳಿಗೆ ಪ್ರೀತಿ ಭೋಜನ ಇತ್ತು. ಸಂಜೆ ಐದಕ್ಕೆ ಕೋಥರೂಡದ ಮನೆಗೆ ಹುಬ್ಬಳ್ಳಿಯವರು ಬರುವವರಿದ್ದರು. ಪ್ರಭುದಾಸ ಅವಳ ಕಡೆ ತಿರುಗಿಯೂ ನೋಡಲಿಲ್ಲ. ನೋಡದಿದ್ದರೆ ಒಳ್ಳೆಯದೇ ಎಂದು ಅವಳು ಹತ್ತು ಸಲ ತನಗೆ ತಾನೇ ಹೇಳಿಕೊಂಡಳು.

ಊಟ ಬಡಿಸುತ್ತ ಬಂದಾಗ ಮಲಕಪ್ಪ ಮಾಸ್ತರು ಕಾಲು ಚಾಚಿ ಕೂತಿದ್ದರು.

"ಮಾಸ್ತರ, ಮೊಣಕಾಲು ಇನ್ನೂ ನೋಯ್ಲಿಕ್ಕತ್ತದೇನ್ರಿ? ವಾಸಿ ಆಗಿತ್ತಲ್ಲ?"

"ವಾಸಿ ಎಲ್ಲಿ ಆಗ್ಯದ ಮಗಳ? ಆಗಬೇಕಿನ್ನ."

"ಮತ್ತ ಕಾಣಿಕಿ ಕೊಟ್ಟಿದ್ರಿ...?"

"ಅದು ಮುಂಗಡ ಸ್ತೋತ್ರ!" ಮಾಸ್ತರು ಅನ್ನಕ್ಕೆ ಸಾರು ಕಲಸಿದರು. "ಆದಮ್ಯಾಲ ಯಾರರ ಹೇಳ್ತಾರ. ಆಗೂಕಿಂತ ಮೊದಲ 'ಆತು, ನಿನಗ ಸ್ತೋತ್ರ' ಅಂತ ನಂಬಿ ಹೇಳಬೇಕು. ನಮ್ಮ ಧನಕವಡಿ ಸಭೆಯಾಗ ಎಲ್ಲಾರೂ ಹಂಗ. ನಿಮ್ಮ ಕಡೆ ಇಲ್ಲೇನು?"

ಇರಲಿಲ್ಲ! ಶಿವಾಜಿನಗರದವರು ಕೈಗೆ ಬಂದ ಉಪಕಾರಕ್ಕೆ ಮಾತ್ರ ಸ್ತೋತ್ರ ಹೇಳುವವರು.

ನವೋಮಿ ಸಾರಿನ ಬಕೆಟ್ಟನ್ನು ಅಲ್ಲೇ ಇಟ್ಟಳು.

ಸುವಾರ್ತವ್ವ ಹಾಲ್‌ನ ಹಿಂಬದಿಯ ನಳದ ಕೆಳಗೆ ಪಾತ್ರೆ ತೊಳೆಯುತ್ತಿದ್ದರು. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ತಾಟು ಎತ್ತಿಕೊಂಡಳು.

"ಅವ್ವಾರ... ನಿಮ್ಮ ಕಾಣಿಕಿನೂ ಮುಂಗಡ ಇತ್ತೇನ್ರಿ?"

"ಮುಂಗಡನ ಮತ್ತ. ಯಾಕವ್ವಾ?"

"ಅಂದ್ರ, ಕನ್ಯಾ ಇನ್ನೂ ಗೊತ್ತಾಗಿಲ್ಲ?"

"ನನಗ ಗೊತ್ತಾಗ್ಯದ, ದೇವರಿಗೂ ಗೊತ್ತದ. ಆಕಿಗೆ ಗೊತ್ತಾಗಬೇಕಲ್ಲ!" ಸುವಾರ್ತವ್ವ ನಳ ನಿಲ್ಲಿಸಿದರು. "ನನ್ನ ಮಗ ಶನಿವಾರ ಬಂತಂದ್ರ ಮೂರಕ್ಕ ಗಡ್ಡ ಮಾಡ್ಕೊಂಡು ಕುಂದರ್ತಿದ್ದ. ನಾನೇನು ಕುರುಡಿ ಏನು? ಈಗ ಎರಡು ವಾರ ಆತು, ತುತ್ತು ಗಂಟಲಾಗ ಇಳೀವಲ್ದು ಅವಗ. ನೀನರ ಹೇಳು ಮಗಳ, ನಾ ಅವಸರ ಮಾಡಿ ತಪ್ಪು ಮಾಡಿದೆನೇನು?"

ನವೋಮಿ ಸುವಾರ್ತವ್ವನ ಒದ್ದೆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಎದ್ದು ಬಿರಬಿರನೆ ಅಪ್ಪನನ್ನು ಹುಡುಕಿಕೊಂಡು ಹೋದಳು.

"ಅಪ್ಪಾ, ಹುಬ್ಬಳ್ಳಿಯವರಿಗೆ ಫೋನ್ ಹಚ್ಚರಿ. ಬರೂದು ಬ್ಯಾಡ ಅನ್ನರಿ."

"ಏನಂದಿ? ನಿನ್ನೆನ ಬಂದು ಹಡಪಸರದಾಗ ತಮ್ಮನ ಮನ್ಯಾಗ ಇಳದಾರವ್ವಾ!"

"ಅವರಿಗೆ ನಾನೂ ಕ್ಷಮಾ ಕೇಳ್ತೀನಿ. ಆದ್ರ ಬರೂದು ಬ್ಯಾಡ. ನನಗ ಹುಡುಗ ಗೊತ್ತಾಗ್ಯಾನ."

ಸಮುವೇಲಪ್ಪ ಮಗಳ ದೃಷ್ಟಿ ಹೋದ ಕಡೆ ನೋಡಿದರು. ಮೆಟ್ಟಿಲ ಮೇಲೆ ಪ್ರಭುದಾಸ ಬೆಂಚೊಂದನ್ನು ಹೊತ್ತು ಇಳಿಯುತ್ತಿದ್ದ.

"ಹಾರ್ಮೋನಿಯಂದಾಂವ?"

"ಹೂಂ."

ಹುಬ್ಬಳ್ಳಿಯವರ ಮುಂದೆ ಮಾನ ಹೋಗುವ ಚಿಂತೆ ಅಪ್ಪನ ಮುಖದಲ್ಲಿ ಕಾಣುತ್ತಿತ್ತು. ಆದರೆ ಮಗಳ ಕಣ್ಣಲ್ಲಿ ಎರಡು ವಾರದಿಂದ ಇಲ್ಲದ ಬೆಳಕೂ ಅವರಿಗೆ ಕಂಡಿತು. ಜೇಬಿನಿಂದ ಫೋನು ತೆಗೆದರು.

"ಬೈಸ್ಕೊಳ್ಳೂದು ನನಗಿರ್ಲಿ. ನೀ ಹೋಗವ್ವಾ, ಟೆಂಪೋ ಬಿಡ್ಲಿಕ್ಕತ್ತದ."

ಕೆಳಗೆ ಬೆಂಚುಗಳೆಲ್ಲ ಟೆಂಪೋ ಏರಿದ್ದವು. ಪ್ರಭುದಾಸ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ. ಅವಳನ್ನು ನೋಡಿ ಮುಖ ಬಿಗಿಮಾಡಿಕೊಂಡ.

"ಹನ್ನೆರಡೂ ಬೆಂಚು ಅದಾವ್ರಿ. ಎಣಿಸಿಕೊಳ್ರಿ."

"ಬೆಂಚು ಎಣಿಸ್ಲಿಕ್ಕೆ ಬಂದಿಲ್ಲ ನಾನು."

ಅವನ ಕೈ ನಿಂತಿತು.

"ಮತ್ತ? ಎರಡು ವಾರ ಮಾತಿಲ್ಲ, ಕತಿಯಿಲ್ಲ. ಅವ್ವ ಕಾಣಿಕಿ ಕೊಟ್ಟದ್ದು ನನಗ ಆಮ್ಯಾಲ ಗೊತ್ತಾತು. ಆಕಿ ಮನಸಿನಾಗ ಇದ್ದದ್ದು ನೀವ ಅಂತ ನಿಮಗ ತಿಳೀತು, ಒಲ್ಲೆ ಅಂತ ದೂರ ಸರದ್ರಿ ಅಂದ್ಕೊಂಡೆ. ನಾ ಏನು ಕೇಳ್ಲಿ ಹೇಳ್ರಿ?"

"ನನಗ ತಿಳದದ್ದ ಬ್ಯಾರೆ!" ನವೋಮಿ ಟೆಂಪೋದ ಹತ್ತಿರ ಸರಿದಳು. "ನಮ್ಮ ಸಭೆಯಾಗ ಆದದ್ದಕ್ಕ ಅಷ್ಟ ಸ್ತೋತ್ರ ಹೇಳ್ತಾರ್ರಿ. ನಿಮಗ ಖರೇನ ಬ್ಯಾರೆ ಯಾರೋ ಗೊತ್ತಾಗ್ಯಾರ ಅಂದ್ಕೊಂಡೆ. ಅತ್ತು ಅತ್ತು ಸಾಕಾತು ನನಗ..."

ಪ್ರಭುದಾಸ ಹಗ್ಗ ಕೈಬಿಟ್ಟು ಬೆಂಚಿನ ಮೇಲೆ ಕೂತುಬಿಟ್ಟ. ಮೊದಲು ನಕ್ಕ. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡ.

"ಸಂಜಿಗೆ ಹುಬ್ಬಳ್ಳಿಯವರು ಬರ್ತಾರಂತ ಸಭೆಯಾಗ ಅಂತಿದ್ರು?"

"ಬರೂದಿಲ್ಲ. ಹುಡುಗ ಗೊತ್ತಾಗ್ಯಾನ ಅಂತ ಅಪ್ಪಾಗ ಹೇಳೀನಿ."

"ಹುಡುಗನ್ನ ಕೇಳೀರೇನು?"

"ಇಲ್ಲ."

"ಕೇಳದೇ ಹೇಳಿಬಿಟ್ರಿ?"

"ಹೇಳಿಬಿಟ್ಟೆ. ಈಗ ಕೇಳ್ತೀನಿ." ಅವಳು ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು. "ನನಗ ನೀವು ಬೇಕು. ನಿಮಗ ನಾ ಬೇಕೇನ್ರಿ?"

ಅವನು ಟೆಂಪೋದಿಂದ ಧುಮುಕಿ ಅವಳೆದುರು ನಿಂತ.

"ಭಾಳ ಬೇಕು, ನವೋಮಿ."

"ಚಲಾ ದಾದಾ, ಲವಕರ!" ಎಂದು ಟೆಂಪೋದವನು ಮರಾಠಿಯಲ್ಲಿ ಅವಸರಪಡಿಸುತ್ತ ಹಾರ್ನ್ ಒತ್ತಿದ. ಇಬ್ಬರೂ ಕದಲಲಿಲ್ಲ.

"ಮುಂದಿನ ಭಾನುವಾರದಿಂದ ನೀವು ಅಲ್ಲೆ, ನಾ ಇಲ್ಲೆ," ಎಂದ ಅವನು ಮೆಲ್ಲಗೆ.

"ಭಾನುವಾರದ ತನಕ ಯಾಕ ಕಾಯ್ತೀರಿ? ನಾಳೆ ಆರಕ್ಕ ನನ್ನ ಕೆಲಸ ಮುಗೀತದ. ಕೋರ್ಟಿನ ಗೇಟಿನ ಹತ್ರ ಬರ್ರಿ."

"ಮಂಗಳವಾರ?"

"ಮಂಗಳವಾರನೂ ಆರಕ್ಕ."

"ಬುಧವಾರ?"

"ಬರ್ರಿ ಅಂದೆನಲ್ಲ!"

"ಬರ್ತೀನಿ," ಎಂದ ಪ್ರಭುದಾಸ. "ದಿನಾ ಬರ್ತೀನಿ."