ಎಡಕ್ಕೆ ಬಾಗಿದ ಬಳ್ಳಿ

"ಅಮ್ಮನ ರಂಗೋಲಿಯನ್ನು ಕದ್ದಿದ್ದಾರೆ ಅಣ್ಣ" ಎಂದು ವಸಂತಿ ಬಾಗಿಲಲ್ಲೇ ನಿಂತು ಹೇಳಿದಾಗ ಮೋಹನದಾಸರಿಗೆ ಮೊದಲು ಬಂದದ್ದು ನಗು. ರಂಗೋಲಿ ಏನು ಚಿನ್ನದ ಸರವೇ, ಯಾರಾದರೂ ಎತ್ತಿಕೊಂಡು ಹೋಗಲಿಕ್ಕೆ? ಆದರೆ ತಂಗಿಯ ಮುಖ ಕಂಡ ಮೇಲೆ ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಇಷ್ಟು ವರ್ಷ ತಾನೇ ನಿಂತು ಹೋಟೆಲು ನಡೆಸಿದ ಹೆಂಗಸು, ಯಾರ ಮುಂದೆಯೂ ಕಣ್ಣೀರು ಹಾಕಿದವಳಲ್ಲ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಆ ಸಂಜೆ ಮೋಹನದಾಸರು ಎಂದಿನಂತೆ ದೇಹೂ ರೋಡಿನಲ್ಲಿ ಗೆಳೆಯ ಅವ್ವಣ್ಣನವರ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಅವ್ವಣ್ಣ ಸೈನ್ಯದ ಡಿಪೋದಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಬಂದ ಮಾಲು ಕೇಳಿದ ಹಾಗೆಯೇ ಇದೆಯೋ ಇಲ್ಲವೋ ಎಂದು ನೋಡಿ ನೋಡಿ, ಮನುಷ್ಯರನ್ನೂ ಹಾಗೆಯೇ ತಿರುಗಿಸಿ ನೋಡುವ ಚಟ ಅಂಟಿಕೊಂಡಿತ್ತು. ಪುಣೆಯ ಕನ್ನಡಿಗರ ಮನೆಗಳಲ್ಲಿ ಏನೇ ಕಳುವಾದರೂ ಪೊಲೀಸರಿಗಿಂತ ಮೊದಲು ಫೋನು ಬರುತ್ತಿದ್ದದ್ದು ಇವರಿಗೆ. ಅಂಥ ಓಡಾಟಗಳಲ್ಲೆಲ್ಲ ಅವರ ಸ್ಕೂಟರಿನ ಹಿಂದಿನ ಸೀಟು ಮೋಹನದಾಸರದ್ದು.

"ಒಳಗ ಬಾ ತಂಗೆವ್ವಾ, ಕೂಡು. ಮೊದಲ ನೀರು ಕುಡಿ. ಆಮ್ಯಾಲ ಹೇಳುವಂತಿ," ಎಂದರು ಅವ್ವಣ್ಣ.

ವಸಂತಿ ಹೇಳಿದ್ದು ಇದು. ಕ್ಯಾಂಪಿನ ಅವಳ 'ಹೋಟೆಲ್ ಸುರಗಿ'ಯಲ್ಲಿ ಸಂಸಾರಸ್ಥರು ಕೂತು ಉಣ್ಣಲು ಬೇರೆ ಭಾಗ ಮಾಡಬೇಕಿತ್ತು. ನಡುವೆ ಗೋಡೆ ಎಬ್ಬಿಸುವುದು ಬೇಡ, ಮರದಲ್ಲಿ ಚಿತ್ತಾರ ಕೊರೆದ ಪರದೆ ನಿಲ್ಲಿಸೋಣ ಎಂದುಕೊಂಡಳು. ಪುಣೆಯಲ್ಲಿ ಎಲ್ಲರೂ ಅದನ್ನು ಜಾಳಿ ಎನ್ನುತ್ತಾರೆ. ಆ ಕೆಲಸವನ್ನು ಪ್ರಣೀತಾ ಎಂಬ ಹುಡುಗಿಗೆ ವಹಿಸಿದಳು. ಬೆಂಗಳೂರಿನಿಂದ ಬಂದು ಒಳಾಂಗಣ ವಿನ್ಯಾಸವನ್ನು ಸ್ವಂತವಾಗಿ ಶುರು ಮಾಡಿದ್ದ ಅವಳಿಗೆ ಇದೇ ಮೊದಲ ಕೆಲಸ. ಅವಳದ್ದು ಒಂದೇ ಹಟ: ಕೊಟೇಶನ್ ಕೇಳುವ ಮೊದಲು ನಮಗೆ ಏನು ಬೇಕೆಂದು ನಮಗೇ ಪಕ್ಕಾ ಗೊತ್ತಿರಬೇಕು. ಹಳೆಯ ಕಟ್ಟಡದ ಗೋಡೆ ಓರೆ ಇರುತ್ತದೆ, ಮೇಲೆ, ನಡುವೆ, ಕೆಳಗೆ ಬೇರೆ ಬೇರೆ ಅಳೆಯಬೇಕು. ತೇಗವೋ ಪ್ಲೈವುಡ್ಡೋ, ದಪ್ಪ ಎಷ್ಟು, ಪಾಲಿಶ್ ಒಂದೇ ಮುಖಕ್ಕೋ ಎರಡಕ್ಕೂನೋ, ನೆಲಕ್ಕೆ ಕೂರಿಸುವುದೋ ಮೇಲಿನಿಂದ ಇಳಿಬಿಡುವುದೋ, ಎಲ್ಲ ಬರೆದಿಡಬೇಕು. ಇಲ್ಲದಿದ್ದರೆ ಒಬ್ಬೊಬ್ಬ ಒಂದೊಂದು ವಸ್ತುವಿಗೆ ದರ ಹೇಳುತ್ತಾನೆ ಎನ್ನುವುದು ಅವಳ ವಾದ.

"ಚಿತ್ತಾರ ಮಾತ್ರ ನಾನೇ ಕೊಟ್ಟದ್ದು," ಎಂದಳು ವಸಂತಿ. "ಊರಿನಲ್ಲಿ ಅಮ್ಮ ಅಂಗಳದಲ್ಲಿ ಬಿಡಿಸ್ತಿದ್ದ ಬಳ್ಳಿ. ಅಣ್ಣನಿಗೆ ನೆನಪುಂಟು."

ನೆನಪಿಲ್ಲದೆ ಏನು? ಬುಡದಲ್ಲಿ ಮೂರು ಮೊಗ್ಗು, ಅಲ್ಲಿಂದ ಎದ್ದು ಬಲಕ್ಕೆ ಬಾಗುವ ಬಳ್ಳಿ. ಮೋಹನದಾಸರಿಗೆ ಒಮ್ಮೆಲೇ ಸಗಣಿ ಸಾರಿಸಿದ ಅಂಗಳದ ವಾಸನೆ ಬಂದ ಹಾಗಾಯಿತು.

"ಹೋದ ತಿಂಗಳು ಒಂದು ಸೋಮವಾರ, ಹೋಟೆಲಿಗೆ ರಜೆ. ಬಡಗಿ ಧರ್ಮಣ್ಣ ರಟ್ಟಿನಲ್ಲಿ ಪೂರ್ತಿ ಅಳತೆಗೆ ಬಳ್ಳಿ ಕೊರೆದು, ಜಾಳಿ ಬರುವ ಜಾಗದಲ್ಲೇ ತೂಗು ಹಾಕಿದ. ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ. ಸಂಜೆ ನಾನು ಹೋಗಿ ನೋಡಿ ಒಪ್ಪಿದೆ. ಆಗಲೇ ಬಿಚ್ಚಿ ಹರಿದು ಹಾಕಿದರು. ಕೊಟೇಶನ್ ಇನ್ನೂ ಯಾರನ್ನೂ ಕೇಳ್ಲಿಲ್ಲ. ನಿನ್ನೆ ಕೋಂಢ್ವಾದಲ್ಲಿ ಆ ಅಮೋಘ, ನಮಗೆ ಪೈಪೋಟಿ ಕೊಡುವವ, ಹೊಸ ಹೋಟೆಲು ತೆರೆದ ಅಂತ ಹೋದ್ರೆ, ಎದುರು ಗೋಡೆಯಲ್ಲಿ ನನ್ನ ಅಮ್ಮನ ಬಳ್ಳಿ! ಹಿಂದಿನಿಂದ ಲೈಟು ಬೇರೆ!"

"ಮತ್ತ ನೀ ಏನ್ ಮಾಡಿದಿ?"

"ನಕ್ಷೆ ಇದ್ದದ್ದು ಆ ಹುಡುಗಿಯ ಹತ್ತಿರ. ಬೇರೆ ಯಾರಂತ ಹೇಳುದು? ಎಲ್ಲರ ಮುಂದೆ ಕಳ್ಳಿ ಅಂದೆ. ಹೊರಗೆ ಹಾಕಿದೆ. ಹೋಟೆಲಿನವರ ವಾಟ್ಸಾಪ್ ಗ್ರೂಪಿನಲ್ಲೂ ಅವಳ ಹೆಸರು ಹಾಕಿಬಿಟ್ಟೆ." ವಸಂತಿಯ ದನಿ ಇಳಿಯಿತು. "ಅವಳು ಅಳಲಿಲ್ಲ ಅಣ್ಣ. ಸುಮ್ಮನೆ ನನ್ನನ್ನು ನೋಡಿದಳು. ಅವಳೇ ಹೌದಾದ್ರೆ ಸರಿ. ಅಲ್ಲದಿದ್ರೆ ನಾನು ಎಂತ ಮಾಡಿದ ಹಾಗಾಯ್ತು?"

ಅವ್ವಣ್ಣ ಅವಳ ಮೊಬೈಲು ಇಸಿದುಕೊಂಡು ಅಮೋಘನ ಗೋಡೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಮೋಹನದಾಸರೂ ಬಗ್ಗಿದರು. ಬಳ್ಳಿಯೇನೋ ಅಮ್ಮನದ್ದೇ. ಆದರೆ ಅದು ಎಡಕ್ಕೆ ಬಾಗಿತ್ತು. ಬುಡದಲ್ಲಿ ಮೊಗ್ಗುಗಳೇ ಇರಲಿಲ್ಲ. ಬಳ್ಳಿ ಎಲ್ಲಿಂದಲೋ ಕಡಿದು ತಂದು ಅಂಟಿಸಿದ ಹಾಗೆ ಶುರುವಾಗಿತ್ತು.

"ಕದ್ದರೂ ಸರಿಯಾಗಿ ಕದಿಯಲಿಲ್ಲ ದರಿದ್ರದವರು!" ಎಂದು ಮೋಹನದಾಸರು ಸಿಡುಕಿದರು.

"ಭಾಳ ಛಲೋ ಮಾತು ಹೇಳಿದ್ರಿ ನೋಡ್ರಿ ಮೋಹನದಾಸರ," ಎಂದರು ಅವ್ವಣ್ಣ.

ಮರುದಿನ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಇಬ್ಬರೂ ಸುರಗಿಗೆ ಹೋದರು. ಬೀದಿಗೆ ಗಾಜಿನ ಬಾಗಿಲು, ಒಳಗೆ ಊಟಕ್ಕೆ ಕೂರುವ ಉದ್ದನೆಯ ಹಾಲ್. ಅದರ ನಡುವೆ ಜಾಳಿ ಬರುವ ಜಾಗಕ್ಕೆ ಪ್ರಣೀತಾ ಸುಣ್ಣದ ಗೆರೆ ಎಳೆದಿದ್ದಳು. ಆ ಗೆರೆಯ ಆಚೆ, ಒಳಭಾಗದಲ್ಲಿ, ಬೀದಿಯ ಕಡೆಗೆ ಮುಖ ಮಾಡಿ ಗಲ್ಲೆ. ಕರಾವಳಿಯ ಹೋಟೆಲಿನವರು ದುಡ್ಡು ತೆಗೆದುಕೊಳ್ಳುವ ಮೇಜನ್ನು ಹಾಗೆನ್ನುತ್ತಾರೆ. ಎತ್ತರದ ಮರದ ಗಲ್ಲೆ, ಅದರ ಹಿಂದೆ ತಗ್ಗಿನ ಸ್ಟೂಲು, ಸ್ಟೂಲಿನ ಪಕ್ಕದ ಗೋಡೆಯಲ್ಲಿ ದೇವರ ಫೋಟೋ, ದೀಪ. ಸ್ಟೂಲಿನ ಮೇಲೆ ತಮ್ಮ ಸುಖೇಶ್.

ಹೆತ್ತ ತಾಯಿ ಸತ್ತಾಗ ಸುಖೇಶ್ ತೊಟ್ಟಿಲಲ್ಲಿದ್ದ. ವಸಂತಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು, ಪುಣೆಗೆ ಕರೆತಂದಳು, ಗಲ್ಲೆಯಲ್ಲಿ ಕೂರಿಸಿದಳು. ಅಣ್ಣನನ್ನು ಕಂಡದ್ದೇ ಅವನು ಎದ್ದು ಬಂದು ತಾನೇ ಕಾಫಿ ತಂದಿಟ್ಟ. ಮೋಹನದಾಸರಿಗೆ ಹೆಮ್ಮೆಯೆನಿಸಿತು.

"ಪಾಪ, ಅಕ್ಕನಿಗೆ ಭಯಂಕರ ಬೇಜಾರಾಗಿದೆ," ಎಂದ ಸುಖೇಶ್. "ಈಗಿನ ಹುಡುಗಿಯರನ್ನು ನಂಬುದು ಹೇಗೆ ಹೇಳಿ? ಆ ಸೋಮವಾರ ನಾನಾದ್ರೂ ಇಲ್ಲಿ ಇರ್ತಿದ್ರೆ ಆಗ್ತಿತ್ತು. ಪುಣೆಯಾಚೆ ಭೋರ್‌ನಲ್ಲಿ ಸ್ನೇಹಿತನ ಗೃಹಪ್ರವೇಶಕ್ಕೆ ಹೋದವ ರಾತ್ರಿಯೇ ಬಂದದ್ದು. ಆ ರಟ್ಟಿನ ಜಾಳಿಯನ್ನು ನಾನು ಕಣ್ಣಿಂದಲೂ ನೋಡ್ಲಿಲ್ಲ."

ಅವ್ವಣ್ಣ ಮಾತಾಡುತ್ತಲೇ ಗಲ್ಲೆಯ ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂರಲು ಹೊರಟರು. ಸುಖೇಶ್ ಹೌಹಾರಿದ.

"ಅಯ್ಯೋ, ಅಲ್ಲಿ ಬೇಡ ಮಾರಾಯ್ರೇ! ಗಲ್ಲೆ ಅದು!"

"ತಪ್ಪು ತಿಳೀಬೇಡಿ," ಎಂದಳು ವಸಂತಿ. "ನಮ್ಮಲ್ಲಿ ಗಲ್ಲೆಯಲ್ಲಿ ಒಬ್ಬರೇ ಕೂರುದು. ದೀಪ ಹಚ್ಚುದೂ ಅವರೇ, ರಜೆಯ ದಿನವೂ ತಪ್ಪಿಸುವ ಹಾಗಿಲ್ಲ. ಅವನಿಗೆ ಒಪ್ಪಿಸಿದ ಮೇಲೆ ನಾನು ಕೂಡ ಅದನ್ನು ಮುಟ್ಟುದಿಲ್ಲ."

"ನನ್ನದ ತಪ್ಪಾತು," ಎಂದು ಅವ್ವಣ್ಣ ಕೈಮುಗಿದು ಈಚೆ ಬಂದರು.

ಅಲ್ಲಿಂದ ಧರ್ಮಣ್ಣನ ಕಾರ್ಖಾನೆಗೆ ಹೋದರು. ಯಾದಗಿರಿ ಕಡೆಯ ಧರ್ಮಣ್ಣ ಉಳಿ ಕೆಳಗಿಡದೆಯೇ ಮಾತಾಡಿದ. "ನಾ ಕೊರದೀನ್ರಿ, ನಾ ತೂಗು ಹಾಕೀನ್ರಿ. ಮಧ್ಯಾಹ್ನ ಮೇಡಮ್ಮರು, ನಾವು ಕೂಡೇ ಊಟಕ್ಕ ಹೋದ್ವಿ. ಹಾಲಿನವ ಬರತಾನಂತ ಹಿಂದಿನ ಬಾಗಲಾ ತೆರದ ಇತ್ತು. ತಿರುಗಿ ಬಂದಾಗ ಎಲ್ಲಾ ಇದ್ದಂಗ ಇತ್ರಿ. ಮುಂಜಾನೆ ಇರಲಾರದ ಊದಿನಕಡ್ಡಿ ಘಮಘಮ ಅಂತಿತ್ತು, ಅಷ್ಟ. ಆ ಹೋಟೆಲದಾಗ ಅದು ದಿನಾ ಇರೂದ ಅಲ್ರಿ?"

ಪ್ರಣೀತಾಳ ಬಾಡಿಗೆ ಕೋಣೆಯಲ್ಲಿ ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. "ನಾನು ಯಾರಿಗೂ ಏನೂ ಕಳಿಸಿಲ್ಲ ಸರ್," ಎಂದಳು. "ಮುಂದೆ ಕೆಲ್ಸ ಕೊಡ್ತೀನಿ ಅಂದಿದ್ದ ಇನ್ನೊಬ್ರು ಕೂಡ ನಿನ್ನೆ ಫೋನ್ ಮಾಡಿ ಬೇಡ ಅಂದ್ಬಿಟ್ರು. ಇನ್ನು ಪುಣೆಲಿ ನಂಗೆ ಯಾರು ಕೆಲ್ಸ ಕೊಡ್ತಾರೆ?"

"ಪೆಟಗಿ ಕಟ್ಟಬ್ಯಾಡವಾ. ಸೋಮವಾರತನಕ ತಡಿ," ಎಂದರು ಅವ್ವಣ್ಣ.

ವಾಪಸು ಬರುವಾಗ ಮೋಹನದಾಸರು ಹಿಂದಿನ ಸೀಟಿನಿಂದ ಕೂಗಿ ಕೇಳಿದರು, "ಯಾರು ಮಾರಾಯ್ರೇ?" ಅವ್ವಣ್ಣ ಸ್ಕೂಟರಿನ ವೇಗ ಹೆಚ್ಚಿಸಿದರು. ಇಷ್ಟು ವರ್ಷದಲ್ಲಿ ಅವರು ಗೆಳೆಯನ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಸೋಮವಾರ ಬೆಳಗ್ಗೆ ಖಾಲಿ ಸುರಗಿಯಲ್ಲಿ ಎಲ್ಲರೂ ಸೇರಿದರು. ಸುಣ್ಣದ ಗೆರೆಯ ಮೇಲೆ ಧರ್ಮಣ್ಣ ಹೊಸದಾಗಿ ಕೊರೆದ ರಟ್ಟಿನ ಜಾಳಿ ತೂಗುತ್ತಿತ್ತು. ಬುಡದಲ್ಲಿ ಮೂರು ಮೊಗ್ಗು, ಬಲಕ್ಕೆ ಬಾಗಿದ ಬಳ್ಳಿ. ಗಲ್ಲೆಯ ಬಳಿ ಸುಖೇಶ್ ಆಗಲೇ ದೀಪ ಹಚ್ಚಿಟ್ಟಿದ್ದ.

"ಕಳ್ಳ ತಗೊಂಡದ್ದು ಅರ್ಧಾ ಬಳ್ಳಿ," ಎಂದು ಅವ್ವಣ್ಣ ಶುರು ಮಾಡಿದರು. "ಪ್ರಣೀತಾನ ಕಡೆ ಪೂರಾ ನಕ್ಷಿ ಇತ್ತು. ಧರ್ಮಣ್ಣ ತನ್ನ ಕೈಲೇ ಪೂರಾ ಕೊರದಾನ. ಪೂರಾ ಇದ್ದವರು ಅರ್ಧಾ ಯಾಕ ಮಾರತಾರ? ಅಂದ ಮ್ಯಾಲ ಕದ್ದವಗ ಮೊಗ್ಗು ಕಂಡೇ ಇಲ್ಲ. ಬಳ್ಳಿ ಉಲ್ಟಾ ಕಂಡದ. ಅಮೋಘನ ಜಾಳಿ ಗ್ವಾಡಿಗೆ ಕೂಡಿಸ್ಯಾರ, ತಿರುವಿ ಹಾಕ್ಯಾರ ಅನ್ನಾಕ ಬರೂದಿಲ್ಲ, ಪಾಲಿಶ್ ಮಾಡಿದ ಮುಖಾನ ಮುಂದ ಅದ. ಹಂಗಾರ ಅವ ಎಲ್ಲಿ ನಿಂತು ನೋಡಿದಾ? ಬೀದಿ ಕಡೆ ನಿಂತ್ರ ಗಾಜಿನ ಬಾಗಲದಾಗ ಹೊರಗಿನವರಿಗೆ ಕಾಣತಾನ. ತಂಗೆವ್ವಾ, ಇವತ್ತೊಂದು ದಿನ ಅಪ್ಪಣಿ ಕೊಡು. ಮೋಹನದಾಸರು ಗಲ್ಲೇದಾಗ ಕೂತು ಒಂದು ಫೋಟೋ ತಗೀಲಿ."

ವಸಂತಿ ತಲೆಯಾಡಿಸಿದಳು. ಮೋಹನದಾಸರು ಚಪ್ಪಲಿ ಕಳಚಿ ಸ್ಟೂಲಿನ ಮೇಲೆ ಕೂತು ಮೊಬೈಲು ಎತ್ತಿದರು. ಹಿಂದಿನಿಂದ ನೋಡಿದರೆ ಬಳ್ಳಿ ಎಡಕ್ಕೆ ಬಾಗಿತ್ತು. ಬುಡದ ಮೂರು ಮೊಗ್ಗುಗಳನ್ನು ಗಲ್ಲೆಯ ಹಲಗೆ ಪೂರ್ತಿ ಮರೆಮಾಡಿತ್ತು. ಅಮೋಘನ ಗೋಡೆ ಇದೇ, ಗೆರೆಗೆ ಗೆರೆ. ಫೋಟೋ ತೆಗೆದು ಮೊಬೈಲನ್ನು ವಸಂತಿಯ ಕೈಗೆ ಕೊಟ್ಟರು.

"ಯಾರು ಬೇಕಾದ್ರೂ ಕೂತಿರಬಹುದಲ್ಲ! ಹಿಂದಿನ ಬಾಗಿಲು ತೆರೆದಿತ್ತಲ್ಲ!" ಎಂದ ಸುಖೇಶ್.

"ಕೂತಿರಬಹುದು," ಎಂದರು ಅವ್ವಣ್ಣ ಮೆಲ್ಲಗೆ. "ಆದ್ರ ಊದಿನಕಡ್ಡಿ? ಆ ಸೋಮವಾರ ಮುಂಜಾನೆ ಇವರಿಬ್ಬರೂ ಬಂದಾಗ ವಾಸನಿ ಇರಲಿಲ್ಲ, ಊಟಾ ಮಾಡಿ ಬಂದಾಗ ಇತ್ತು. ತಂಗೆವ್ವಾ, ಸಂಜಿಗೆ ನೀ ಬಂದಾಗ ದೀಪ ಉರೀತಿತ್ತೇನು?"

ವಸಂತಿ ಗಲ್ಲೆಯ ದೀಪದ ಕಡೆ ತಿರುಗಿದಳು. ಅವಳ ಮುಖ ನೋಡನೋಡುತ್ತ ಬಿಳಿಚಿಕೊಂಡಿತು. "ಉರೀತಿತ್ತು," ಎಂದಳು. "ಯಾವಾಗಲೂ ಉರಿಯುದೇ ಅಲ್ವಾ ಅಂತ ಸುಮ್ಮನಾದೆ."

"ಭೋರ್‌ದಾಗ ಇದ್ದವ ಕ್ಯಾಂಪಿನಾಗ ದೀಪ ಹೆಂಗ ಹಚ್ಚಿದಾ? ಬ್ಯಾರೆ ಯಾವ ಕಳ್ಳನೂ ಬಂದು ನಿಮ್ಮ ದೇವರಿಗೆ ಊದಿನಕಡ್ಡಿ ಬೆಳಗೂದಿಲ್ಲ. ಅಕ್ಕಗ ದ್ರೋಹ ಮಾಡಾಕ ಬಂದವಗೂ ದೀಪ ಹಚ್ಚದ ಹೋಗಾಕ ಮನಸ್ಸು ಬರಲಿಲ್ಲ. ಹಚ್ಚಿದಾ, ಕೂತಾ, ಎದುರಿಗೇ ಬಳ್ಳಿ ಇತ್ತು, ಮೊಬೈಲಿನಾಗ ಫೋಟೋ ಹಿಡಕೊಂಡಾ."

ಮೋಹನದಾಸರು ತಮ್ಮನ ಕಡೆ ನೋಡಿದರು. 'ಅಲ್ಲ ಅನ್ನು, ಒಂದು ಸಲ ಅಲ್ಲ ಅನ್ನು ಮಾರಾಯ' ಎಂದು ಮನಸ್ಸಿನಲ್ಲೇ ಗೋಗರೆದರು. ಸುಖೇಶ್ ಅಲ್ಲವೆನ್ನಲಿಲ್ಲ.

"ಜಾಳಿ ಎಲ್ಲಿ ಬರಬೇಕು ಅಂತ ಬಡಗಿಯನ್ನು ಕೇಳಿದಿ, ನಿನ್ನೆ ಮೊನ್ನೆ ಬಂದ ಇವಳನ್ನು ಕೇಳಿದಿ," ಎಂದ ಅಕ್ಕನಿಗೆ. "ನನ್ನನ್ನು ಕೇಳಿದ್ದುಂಟಾ? ಸುಣ್ಣದ ಗೆರೆ ನೋಡಿದ ಮೇಲೆಯೇ ನನಗೆ ಗೊತ್ತಾದ್ದು. ಗಲ್ಲೆ ಜಾಳಿಯ ಹಿಂದೆ! ಇನ್ನು ಸಾಯುವವರೆಗೆ ನನ್ನ ಮುಖ ಬಂದ ಗಿರಾಕಿಗೂ ಕಾಣುದಿಲ್ಲ. ಅಮೋಘ ಪಾಲುದಾರ ಮಾಡ್ತೇನೆ ಅಂದ. ಬರುವಾಗ ಏನಾದ್ರೂ ತಾ ಅಂದ."

"ನೀನು ಒಂದು ಮಾತು ಹೇಳಿದ್ರೆ ಗಲ್ಲೆಯನ್ನು ಬಾಗಿಲಿಗೇ ತರ್ತಿದ್ದೆನಲ್ಲ," ಎಂದಳು ವಸಂತಿ. "ನಿನ್ನನ್ನು ಕೇಳದ್ದು ನನ್ನ ತಪ್ಪು, ಒಪ್ಪಿದೆ. ಆದ್ರೆ ಈ ಹುಡುಗಿಯನ್ನು ನಾನು ಕಳ್ಳಿ ಅಂದಾಗ ನೀನು ಪಕ್ಕದಲ್ಲೇ ಇದ್ದಿ. ಇವಳ ಬ್ಯಾಗು ತಂದು ಬಾಗಿಲಲ್ಲಿ ಇಟ್ಟದ್ದು ಯಾರು? ನೀನೇ ಅಲ್ವಾ?"

ಸುಖೇಶ್ ನೆಲ ನೋಡಿದ. "ಬುಡದಲ್ಲಿ ಮೊಗ್ಗು ಇದ್ದದ್ದು ನನಗೆ ಗೊತ್ತೇ ಇರ್ಲಿಲ್ಲ," ಎಂದ.

"ನಿನಗೆ ಗೊತ್ತಿರುದು ಹೇಗೆ? ಅಮ್ಮ ಅಂಗಳದಲ್ಲಿ ಮಕ್ಕಳಿಗೆ ಒಂದೊಂದು ಮೊಗ್ಗು ಬಿಡಿಸ್ತಿದ್ದರು. ಮೂರನೆಯದನ್ನು ಸೇರಿಸಿದ್ದು ನೀನು ಹುಟ್ಟಿದ ಮೇಲೆ. ನೀನು ಬಿಟ್ಟು ಹೋದದ್ದು ನಿನ್ನನ್ನೇ."

ಸುಖೇಶ್ ಕೊರಳಿನಿಂದ ಗಲ್ಲೆಯ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ. ಅಣ್ಣನ ಕಡೆ ಒಮ್ಮೆ ನೋಡಿದ. ಮೋಹನದಾಸರು ಮುಖ ತಿರುಗಿಸಿಕೊಂಡರು. ನೋಡಿದರೆ ತಡೆದುಬಿಡುತ್ತೇನೆ ಎಂಬ ಹೆದರಿಕೆ ಅವರಿಗಿತ್ತು. ಹಿಂದಿನ ಬಾಗಿಲು ಮುಚ್ಚಿದ ಸದ್ದಾಯಿತು.

ವಸಂತಿ ಪ್ರಣೀತಾಳ ಎದುರು ಬಂದು ಕೈಮುಗಿದಳು. ಹುಡುಗಿ ಆ ಕೈಗಳನ್ನು ಬಿಡಿಸಿದಳು. ಆದರೆ ಮಾತು ಬಿಡಲಿಲ್ಲ. "ಆಂಟಿ, ಎಲ್ಲರ ಮುಂದೆ ಅಂದ್ರಿ. ಎಲ್ಲರ ಮುಂದೆನೇ ವಾಪಸ್ ತಗೋಬೇಕು." ವಸಂತಿ ಅಲ್ಲೇ ನಿಂತು ಹೋಟೆಲಿನವರ ಗ್ರೂಪಿನಲ್ಲಿ ಬರೆದಳು: ಪ್ರಣೀತಾ ಕದ್ದಿಲ್ಲ, ತಪ್ಪು ನನ್ನದು, ಕದ್ದವನು ನನ್ನ ತಮ್ಮ. ಬರೆದದ್ದನ್ನು ಗಟ್ಟಿಯಾಗಿ ಓದಿದಳು.

"ಜಾಳಿ ಕೆಲಸ ಮುಗಿಸಿ ಕೊಡ್ತೀಯಾ ಮಗಾ?" ಎಂದು ಕೇಳಿದಳು.

ಪ್ರಣೀತಾ ಚೀಲದಿಂದ ಪೆನ್ನು ತೆಗೆದಳು. "ಕೊಟೇಶನ್‌ಗೆ ಕಳಿಸೋ ಮುಂಚೆ ಒಂದೆರಡು ವಿಷಯ ಪಕ್ಕಾ ಆಗ್ಬೇಕು. ಬುಡದಲ್ಲಿ ಮೊಗ್ಗು..." ಎಂದವಳು ಮುಂದೆ ಕೇಳಲಾರದೆ ನಿಂತಳು.

"ಮೂರೇ," ಎಂದಳು ವಸಂತಿ. "ಅಮ್ಮ ಬರೆದದ್ದನ್ನು ಅಳಿಸಲಿಕ್ಕೆ ನಾನು ಯಾರು?"

"ಗಲ್ಲೆ?"

"ಜಾಳಿಯ ಈಚೆ ತಾ. ಬಾಗಿಲ ಹತ್ತಿರ, ಎಲ್ಲರಿಗೂ ಕಾಣುವ ಹಾಗೆ."

"ಅಲ್ಲಿ ಯಾರು ಕೂತ್ಕೋತಾರೆ ಆಂಟಿ?"

ವಸಂತಿ ಚಪ್ಪಲಿ ಕಳಚಿ ಗಲ್ಲೆಯ ಹಿಂದೆ ಹೋದಳು. ಅವನು ಬೆಳಗ್ಗೆ ಹಚ್ಚಿದ್ದ ದೀಪದಲ್ಲಿ ಎಣ್ಣೆ ತಳ ಕಂಡಿತ್ತು. ಬಾಟಲಿಗಾಗಿ ಅಲ್ಲಿ ಇಲ್ಲಿ ತಡಕಾಡಿದಳು. ಎಣ್ಣೆ ಎಲ್ಲಿಡುತ್ತಾನೆಂದು ಇಷ್ಟು ವರ್ಷ ಅವಳು ಕೇಳಿರಲಿಲ್ಲ.